ನಾಲ್ಕು ಹಂಸ, ಏಳು ಕಾಲು

ತಪ್ಪು ಮಾಡದೆ ಇರುವುದೇ ಒಂದು ಯೋಗ್ಯತೆ ಎಂದು ಬಹಳ ಕಾಲ ನಂಬಿದ್ದವಳು ನಾನು. ನನಗೆ ಹಾಡು ಬಾರದು, ಹರಟೆ ಬಾರದು. ಮನೆಗೆ ಯಾರಾದರೂ ಬಂದರೆ ಕಾಫಿಯ ಲೋಟ ಅವರ ಕೈಗಿಟ್ಟು, ಅದು ಎಷ್ಟು ಬೇಗ ಖಾಲಿಯಾದೀತು ಎಂದು ಒಳಗಿನಿಂದ ಲೆಕ್ಕ ಹಾಕುವ ಸ್ವಭಾವ. ಇಂಥವರಿಗೆಲ್ಲ ಒಂದು ಗುಟ್ಟಿನ ಹೆಮ್ಮೆ ಇರುತ್ತದೆ. ನನ್ನದು ಅಚ್ಚುಕಟ್ಟುತನ. ಕಾಲೇಜಿನಲ್ಲಿ ಸಸ್ಯಶಾಸ್ತ್ರದ ರೆಕಾರ್ಡಿನಲ್ಲಿ ನಾನು ಬರೆದ ದಾಸವಾಳದ ಚಿತ್ರವನ್ನು ಡೆಮಾನ್‌ಸ್ಟ್ರೇಟರು ಉಳಿದ ಹುಡುಗಿಯರಿಗೆಲ್ಲ ತೋರಿಸಿ, "ಕೇಸರಗಳನ್ನು ಎಣಿಸಿ ನೋಡಿ" ಎಂದಿದ್ದರು. ಅವರು ಎಣಿಸಿದರು. ಸರಿಯಾಗಿತ್ತು. ಆ ದಿನದ ಸಂತೋಷವನ್ನು ನಾನು ಯಾರಿಗೂ ಹೇಳಿರಲಿಲ್ಲ. ಈಗ ಹೇಳುತ್ತಿರುವುದು, ಆಮೇಲೆ ನನಗೆ ಆದ ಗತಿ ಓದುವವರಿಗೆ ಸರಿಯಾಗಿ ತಿಳಿಯಲಿ ಎಂದು.

ಬಿ.ಎಸ್ಸಿ. ಮುಗಿಸಿ ದೊಡ್ಡಬಳ್ಳಾಪುರಕ್ಕೆ ಹಿಂತಿರುಗಿದಾಗ ನಮ್ಮ ಬೀದಿಯಲ್ಲಿ ಕೈಮಗ್ಗಗಳು ಒಂದೊಂದಾಗಿ ಅಟ್ಟ ಸೇರಿ, ಅವುಗಳ ಜಾಗದಲ್ಲಿ ಕರೆಂಟಿನ ಮಗ್ಗಗಳು ಬರುತ್ತಿದ್ದವು. ಸೀರೆಯ ಅಂಚಿನಲ್ಲಿ ಹೂವೋ ಹಕ್ಕಿಯೋ ಮೂಡಬೇಕಾದರೆ ಮೊದಲು ಯಾರಾದರೂ ಅದನ್ನು ಚೌಕುಳಿ ಕಾಗದದ ಮೇಲೆ ಬರೆಯಬೇಕು. ಕಾಗದದ ಒಂದೊಂದು ಅಡ್ಡಸಾಲಿಗೂ ಒಂದೊಂದು ರಟ್ಟು. ಬಣ್ಣ ತುಂಬಿದ ಒಂದೊಂದು ಚೌಕಕ್ಕೂ ಆ ರಟ್ಟಿನಲ್ಲಿ ಒಂದೊಂದು ತೂತು. ರಟ್ಟುಗಳನ್ನು ಮಾಲೆ ಕಟ್ಟಿ ಮಗ್ಗದ ನೆತ್ತಿಗೆ ಏರಿಸಿದರೆ, ಕಾಗದದ ಮೇಲೆ ಏನಿದೆಯೋ ಅದನ್ನೇ ಮಗ್ಗ ನೇಯುತ್ತದೆ. ಅದಕ್ಕೆ ಸ್ವಂತ ಬುದ್ಧಿ ಇಲ್ಲ. ಈ ಚಿತ್ರ ಬರೆಸಲು ನಮ್ಮೂರಿನವರು ಬೆಂಗಳೂರಿಗೆ ಹೋಗುತ್ತಿದ್ದರು. ಒಬ್ಬಳೇ ಕುಳಿತು, ಮಾತಾಡದೆ, ಸಣ್ಣ ಚೌಕಗಳನ್ನು ಎಣಿಸುವ ಕೆಲಸ! ದೇವರು ನನ್ನನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಸೃಷ್ಟಿಸಿದ ಎಂದುಕೊಂಡೆ.

ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾಗಿದ್ದ ಅಪ್ಪನಿಗೆ ಹಾಗೆ ಅನ್ನಿಸಲಿಲ್ಲ. ಸಮೇತನಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದ ನಮ್ಮ ಭಾವ, ಅಲ್ಲಿನ ಶಾಲೆಯಲ್ಲಿ ನನಗೆ ವಿಜ್ಞಾನದ ಟೀಚರ್ ಕೆಲಸ ಕೊಡಿಸುವುದಾಗಿ ಬರೆದಿದ್ದರು. ನಲವತ್ತು ಮಕ್ಕಳ ಎದುರು ದಿನಕ್ಕೆ ಆರು ಗಂಟೆ ಮಾತಾಡುವುದನ್ನು ನೆನೆದೇ ಆ ಕಾಗದವನ್ನು ಮಡಿಸಿ ಪಂಚಾಂಗದ ಕೆಳಗೆ ತೂರಿಸಿದೆ. ಅಪ್ಪ ಕಚೇರಿಯ ತೀರ್ಪಿನಂತೆ ಒಂದು ತೀರ್ಮಾನ ಕೊಟ್ಟರು: "ಈ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ನಿಂಗೆ ಟೈಮು. ಒಂದ್ಸಲ ಬಂದು ಹೋಗೋರು ಲೆಕ್ಕಕ್ಕಿಲ್ಲ. ಕೆಲಸ ಅಂದ್ರೆ ನಿನ್ನ ಹತ್ರಾನೇ ಬರೋ ಅಂಥ ಆರು ಮನೆ ಸಿಕ್ಕಿದ್ರೆ ಸರಿ. ಇಲ್ದಿದ್ರೆ ಸಮೇತನಹಳ್ಳಿ."

ಆರು ಮನೆ ಏನು ಮಹಾ ಎಂದು ನಾನು ಒಪ್ಪಿದೆ. ಊರಿನ ತುಂಬ ಮಗ್ಗಗಳಿದ್ದವು. ಆದರೆ ಗಿರಾಕಿ ಹುಡುಕುವುದು ಎಂದರೆ ಜನರ ಮನೆಗೆ ಹೋಗಿ ಬಾಯಿ ಬಿಡಬೇಕು. ಮಗ್ಗ ಓಡುವ ಮನೆಯಲ್ಲಿ ಬಾಯಿ ಬಿಟ್ಟರೂ ಸಾಲದು, ಕಿರುಚಬೇಕು. ಮೊದಲ ದಿನ ನಮ್ಮ ಬೀದಿಯ ಕೊನೆಯ ನಂಜುಂಡಪ್ಪನವರ ಮನೆಗೆ ಹೋದೆ. ಆರು ಮಗ್ಗಗಳ ಸದ್ದಿನ ನಡುವೆ ಎರಡು ಸಲ ಮೆಲ್ಲಗೆ ಹೇಳಿದೆ. ಅವರು ಕಿವಿಗೆ ಕೈ ಹಚ್ಚಿ, "ಆಂ?" ಎಂದರು. ನಾನು ಉಸಿರು ಕಟ್ಟಿ, ಜೀವಮಾನದಲ್ಲಿ ಕೂಗದಷ್ಟು ಜೋರಾಗಿ, "ನಾನು ಡಿಸೈನ್ ಬರೀತೀನಿ! ನನಗೆ ಕೆಲಸ ಕೊಡಿ!" ಎಂದು ಕೂಗುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಎದುರು ಮನೆಯವರು ಹೊರಗೆ ಬಂದು ನೋಡಿದರು. ನಂಜುಂಡಪ್ಪ ಕನಿಕರದಿಂದ, "ಆಗ್ಲಿ ತಾಯಿ, ಅದಕ್ಯಾಕೆ ಹಂಗೆ ಕಿರುಚ್ತೀರಾ" ಎಂದು ಒಂದು ಮಾವಿನಕಾಯಿ ಅಂಚಿನ ಕೆಲಸ ಕೊಟ್ಟರು.

ನಾನು ಬರೆದ ಮಾವಿನಕಾಯಿಗೆ ತೊಟ್ಟಿತ್ತು, ಸೊನೆ ಇಳಿಯುವ ಜಾಗವಿತ್ತು, ಪಕ್ಕದ ಎಲೆಯಲ್ಲಿ ನರಗಳಿದ್ದವು. ನಂಜುಂಡಪ್ಪ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಮೇಡಂ, ಚೆನ್ನಾಗದೆ. ಆದ್ರೆ ಇದನ್ನ ನೋಡಿದ್ರೆ ಉಪ್ಪಿನಕಾಯಿ ಹಾಕೋಣ ಅನ್ನಿಸ್ತದೆ, ಉಡೋಣ ಅನ್ನಿಸಕಿಲ್ಲ." ಸೀರೆಯ ಮಾವಿನಕಾಯಿ ಮರದ ಮಾವಿನಕಾಯಿಯಲ್ಲ ಎಂದು ನಾನು ಆ ದಿನ ಕಲಿತೆ. ಬಾಲ ತಿರುಚಿ, ಹೊಟ್ಟೆಯಲ್ಲಿ ಚುಕ್ಕಿ ತುಂಬಿ ಬೇರೆ ಬರೆದುಕೊಟ್ಟೆ. ಅದು ಬಹಳ ಚೆನ್ನಾಗಿ ಮಾರಾಟವಾಯಿತು. ನನ್ನ ಕಷ್ಟ ಶುರುವಾದದ್ದು ಅಲ್ಲಿಂದ.

ಏಕೆಂದರೆ ಚೆನ್ನಾಗಿ ಮಾರುವ ಅಂಚು ಕೈಗೆ ಬಂದ ಮೇಲೆ ನೇಕಾರನಿಗೆ ನನ್ನ ಹತ್ತಿರ ಏನು ಕೆಲಸ? ರಟ್ಟುಗಳು ಹರಿಯುವವರೆಗೂ ಅದನ್ನೇ ನೇಯುತ್ತಾನೆ. ಕೆಟ್ಟದಾಗಿ ಬರೆದರೆ ಗಿರಾಕಿ ಸಿಟ್ಟಾಗಿ ಬರುವುದಿಲ್ಲ, ಚೆನ್ನಾಗಿ ಬರೆದರೆ ಸಂತೋಷವಾಗಿ ಬರುವುದಿಲ್ಲ. ಉಳಿದವರಾದರೂ ಬರಬೇಕಲ್ಲ ಎಂದರೆ, ಅವರಿಗೆ ಹಿಂದಿನ ಬೀದಿಯ ರಂಗಪ್ಪನವರು ದಾರಿ ತೋರಿಸಿಕೊಟ್ಟಿದ್ದರು. ಪೇಟೆಯಲ್ಲಿ ಒಂದು ಸೀರೆ ಕೊಂಡು, ಭೂತಗನ್ನಡಿ ಹಿಡಿದು ಎಳೆ ಎಣಿಸಿದರೆ ಅಂಚು ತಮ್ಮದಾಯಿತು. ನನ್ನ ಮಾವಿನಕಾಯಿ ಮೂರು ತಿಂಗಳಲ್ಲಿ ಊರಿನ ಹನ್ನೊಂದು ಮನೆಗಳಲ್ಲಿ ಓಡುತ್ತಿತ್ತು. ರಂಗಪ್ಪ ದಾರಿಯಲ್ಲಿ ಸಿಕ್ಕಾಗ ನಗುತ್ತ, "ನಿಮ್ಮ ಮಾವಿನಕಾಯಿ ಬಲು ಲಕ್ಷಣವಾಗದೆ ಕಣಮ್ಮ, ಕಣ್ಣಿಗೊತ್ಕೊಂಡು ನೇಯ್ತಾ ಇದೀವಿ" ಎಂದು ಮೆಚ್ಚುತ್ತಿದ್ದರು. ಅವರ ಮೆಚ್ಚುಗೆಯಲ್ಲಿ ಕಪಟವಿರಲಿಲ್ಲ. ಹೂವಿನ ಪರಿಮಳ ಮೂಸಿದ್ದಕ್ಕೆ ಗಿಡದವರನ್ನು ಯಾರು ಕೇಳುತ್ತಾರೆ ಎನ್ನುವ ಹಾಗೆ ಇತ್ತು ಅವರ ಮುಖ.

ದಸರಾ ಹತ್ತಿರ ಬಂದಾಗ ನನ್ನ ಲೆಕ್ಕದಲ್ಲಿ ಇದ್ದದ್ದು ಒಂದೇ ಮನೆ. ಅದೂ ನಂಜುಂಡಪ್ಪ ಎರಡನೆಯ ಸಲ ಬಂದು ಹಂಸದ ಅಂಚು ಕೇಳಿದ್ದರಿಂದ. ಸಾಲಾಗಿ ನಾಲ್ಕು ಹಂಸ. ನಾಲ್ಕು ಮುಗಿದ ಮೇಲೆ ಮತ್ತೆ ಅದೇ ನಾಲ್ಕು. ಮೂರು ಹಂಸ ಮುಗಿಸಿ ನಾಲ್ಕನೆಯದರ ಕಾಲಿನ ಹತ್ತಿರ ಇದ್ದಾಗ ಭಾವನ ಕಾಗದ ಬಂತು. ಶಾಲೆಯ ಕೆಲಸ ಯುಗಾದಿಯವರೆಗೆ ಖಾಲಿ ಇರುತ್ತದಂತೆ. ನನಗಾಗಿ ಕಿಟಕಿ ಇರುವ ಕೋಣೆಯನ್ನೂ ನೋಡಿಟ್ಟಿದ್ದಾರಂತೆ. ಆ ಕಿಟಕಿಯನ್ನು ಮನಸ್ಸಿನಿಂದ ತೆಗೆಯಲು ನನಗೆ ಒಂದು ಗಂಟೆ ಹಿಡಿಯಿತು. ಮತ್ತೆ ಬಂದು ಕುಳಿತು ಅಂಚು ಮುಗಿಸಿಕೊಟ್ಟೆ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಅಮ್ಮನಿಗೆಂದು ಅದೇ ಸೀರೆ ಮನೆಗೆ ಬಂತು. ಮಡಿಸಿಡುವಾಗ ನೋಡಿದೆ. ನಾಲ್ಕನೆಯ ಹಂಸಕ್ಕೆ ಒಂದೇ ಕಾಲು. ಮಡಿಕೆ ಬಿಚ್ಚಿ ನೋಡಿದೆ. ಎಂಟನೆಯದಕ್ಕೂ ಒಂದೇ, ಹನ್ನೆರಡನೆಯದಕ್ಕೂ ಒಂದೇ. ನಾನು ಬಿಟ್ಟುಬಿಟ್ಟ ಐದಾರು ಚೌಕಗಳನ್ನು ಮಗ್ಗ ಎಷ್ಟು ನಿಷ್ಠೆಯಿಂದ ಬಿಟ್ಟುಬಿಟ್ಟಿತ್ತೆಂದರೆ, ಸೆರಗಿನಿಂದ ಒಳತುದಿಯವರೆಗೆ ಪ್ರತಿ ನಾಲ್ಕನೆಯ ಹಂಸವೂ ಕುಂಟುತ್ತ ನಡೆದಿತ್ತು. ಇಂಥ ಸೀರೆಗಳು ಇನ್ನೂರಾದರೂ ಬೆಂಗಳೂರಿನ ಚಿಕ್ಕಪೇಟೆಯ ಅಂಗಡಿಗಳಿಗೆ ಹೋಗಿದ್ದವು.

ಹೇಳದೆ ಇರಬಹುದಿತ್ತು. ಆದರೆ ನನಗಿದ್ದ ಒಂದೇ ಯೋಗ್ಯತೆ ಅಚ್ಚುಕಟ್ಟುತನ. ಅದರ ಮೇಲೆ ಬಿದ್ದ ಮಸಿಯನ್ನು ಬಚ್ಚಿಟ್ಟರೆ ನನಗೆ ಇನ್ನೇನು ಉಳಿಯಿತು? ಕಾಲು ಸರಿಪಡಿಸಿದ ಹೊಸ ಕಾಗದ ಸುತ್ತಿಕೊಂಡು ಬೆಳಿಗ್ಗೆಯೇ ನಂಜುಂಡಪ್ಪನವರ ಮನೆಗೆ ಹೋದೆ. ಇದ್ದ ಒಂದು ಮನೆಯೂ ಹೋಯಿತು, ಸಮೇತನಹಳ್ಳಿಯ ಕಿಟಕಿಯಿಂದ ಏನು ಕಾಣಿಸುತ್ತದೋ ಎಂದು ಯೋಚಿಸುತ್ತಲೇ ಮೆಟ್ಟಿಲು ಹತ್ತಿದೆ. ಮಗ್ಗಗಳು ಓಡುತ್ತಿದ್ದವು. "ತಪ್ಪಾಗಿದೆ, ಒಂದು ಕಾಲು ಬಿಟ್ಟುಹೋಗಿದೆ" ಎಂದೆ. ನಂಜುಂಡಪ್ಪ ಕಿವಿಗೆ ಕೈ ಹಚ್ಚಿ, "ಆಂ?" ಎಂದರು. ಆದರೆ ಮೂಲೆಯಲ್ಲಿ ಸೀರೆ ಮಡಿಸುತ್ತಿದ್ದ ಅವರ ತಾಯಿ ಅಕ್ಕಯ್ಯಮ್ಮನವರಿಗೆ ಕೇಳಬೇಕಾಗಿರಲಿಲ್ಲ. ಅರವತ್ತು ವರ್ಷ ಮಗ್ಗದ ಸದ್ದಿನಲ್ಲಿ ಬಾಳಿದವರು; ತುಟಿ ಆಡಿದರೆ ಅವರಿಗೆ ಮಾತು ತಿಳಿಯುತ್ತಿತ್ತು. ನನ್ನ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದರು.

"ಬಾಯ್ಮುಚ್ಚು! ಹಂಗೆಲ್ಲ ಹೇಳ್ಬಾರ್ದು ಕಣೆ."

"ಅಲ್ಲ ಅಜ್ಜಿ, ಹಂಸಕ್ಕೆ ಒಂದು ಕಾಲು..."

"ನಂಗೊತ್ತು. ಮೊದಲ್ನೇ ಸೀರೇಲೇ ನೋಡ್ದೆ. ಪರವಾಗಿಲ್ವೆ, ಕಾಲೇಜು ಓದ್ದೋಳಾದ್ರೂ ದೃಷ್ಟಿಗೆ ಅಂತ ಬುಟ್ಟವಳೆ ಅಂದ್ಕೊಂಡೆ. ನಮ್ಮ ಯಜಮಾನ್ರು ಕೈಮಗ್ಗದಾಗೆ ಪ್ರತಿ ಸೀರೆಗೂ ಒಂದು ಎಳೆ ತಪ್ಪು ಹಾಕೋರು. ಮಗೀಗೆ ಕೆನ್ನೆಗೆ ಬೊಟ್ಟು ಇಡಾಕಿಲ್ವಾ, ಹಂಗೆ. ಈ ಕರೆಂಟಿನ ಮಗ್ಗಕ್ಕೆ ಏನ್ ಗೊತ್ತಾಯ್ತದೆ? ನೀ ಬುಟ್ಟಿದ್ದೀಯ. ಆ ಹಂಸ ಏರ್ಸಿದ ಮ್ಯಾಗೆ ಆ ಮಗ್ಗದಾಗೆ ಎಳೆ ಕಿತ್ತೋಗೋದೇ ನಿಂತೈತೆ, ಗೊತ್ತಾ?"

"ಅಜ್ಜಿ, ನಾನು ಬೇಕೂಂತ ಬಿಟ್ಟಿದ್ದಲ್ಲ. ಅದು ನಿಜವಾಗ್ಲೂ ತಪ್ಪು."

ಅಕ್ಕಯ್ಯಮ್ಮ ಮೆಚ್ಚುಗೆಯಿಂದ ತಲೆಯಾಡಿಸಿದರು. "ಹಂಗೇ ಅನ್ಬೇಕು. ಬೇಕೂಂತ ಬುಟ್ಟೆ ಅಂತ ಬಾಯ್ಬುಟ್ರೆ ಅದರ ಗುಣ ನಿಲ್ಲಾಕಿಲ್ಲ."

ಈ ತರ್ಕದಿಂದ ಹೊರಬರುವ ದಾರಿಯನ್ನು ನಾನು ಇವತ್ತಿಗೂ ಹುಡುಕುತ್ತಿದ್ದೇನೆ. ಒಪ್ಪಿಕೊಂಡರೆ ವಿನಯ, ಸುಮ್ಮನಿದ್ದರೆ ಗುಟ್ಟು. ಸರಿಪಡಿಸಿದ ಕಾಗದವನ್ನು ಅವರು ಕೈಯಿಂದಲೂ ಮುಟ್ಟಲಿಲ್ಲ. ನಾನು ಹಾಗೆಯೇ ಸುತ್ತಿಕೊಂಡು ಮನೆಗೆ ಬಂದೆ.

ಇಷ್ಟಕ್ಕೇ ನಿಂತಿದ್ದರೆ ಒಂದು ಮನೆ ಉಳಿಯಿತೆಂದು ಸಮಾಧಾನಪಡಬಹುದಿತ್ತು. ಆದರೆ ರಂಗಪ್ಪನವರು ಭೂತಗನ್ನಡಿಯನ್ನು ಕೆಳಗಿಟ್ಟಿರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಅವರ ಮಗ್ಗದಲ್ಲೂ ಹಂಸಗಳು ನಡೆಯತೊಡಗಿದವು, ಕುಂಟು ಸಮೇತ. ಎಣಿಸುವುದರಲ್ಲಿ ಅವರು ನನಗಿಂತ ಅಚ್ಚುಕಟ್ಟು. ಹಂಸ ಏರಿಸಿದ ವಾರದೊಳಗೆ ಅವರ ಮೋಟಾರು ಸುಟ್ಟಿತು. ಆ ತಿಂಗಳು ಕರೆಂಟು ಒಮ್ಮೆ ಸೊರಗಿ ಒಮ್ಮೆ ಉಕ್ಕಿ ಬರುತ್ತಿದ್ದದ್ದು ಊರಿಗೆಲ್ಲ ಗೊತ್ತಿತ್ತು. ನಮ್ಮ ಮನೆಯ ಬಲ್ಬೂ ಹೋಗಿತ್ತು. ಆದರೆ ನೀರಿಗೆ ನಿಂತ ಹೆಂಗಸರ ನಡುವೆ ಅಕ್ಕಯ್ಯಮ್ಮ ಆಡಿದ ಮಾತು ಕರೆಂಟಿಗಿಂತ ಬೇಗ ಹರಿಯಿತು: "ನಮ್ಮನೆ ಮ್ಯಾಗೆ ಬಿದ್ದ ಕಣ್ಣನ್ನೆಲ್ಲ ಆ ಹಂಸ ಹೊತ್ಕೊಂಡು ನಿಂತದೆ. ಅದನ್ನ ತಕ್ಕೊಂಡೋಗಿ ಅವ್ನ ಮನೇಲಿ ನೇಯ್ದವನೆ. ಇನ್ನೇನಾದೀತು!"

ಎರಡು ದಿನ ಬಿಟ್ಟು ರಂಗಪ್ಪ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಬಂದಿದ್ದರೆಂದು ಹಣೆಯ ವಿಭೂತಿ ಹೇಳುತ್ತಿತ್ತು. ನಗು ಇರಲಿಲ್ಲ. "ನೋಡಮ್ಮ, ಆದದ್ದಾಯ್ತು. ನಮ್ಮನೇಗೆ ನಮ್ದೇ ಒಂದು ಬರ್ಕೊಡು. ನಮ್ದೇ ದೃಷ್ಟಿಬೊಟ್ಟು ಇರ್ಬೇಕು. ಯಾರ್ದೂ ಬ್ಯಾಡ."

"ಮೋಟಾರು ಸುಟ್ಟಿದ್ದು ವೋಲ್ಟೇಜಿನಿಂದ, ರಂಗಪ್ಪನವರೆ" ಎಂದೆ. ವಿಜ್ಞಾನಕ್ಕೆ ನಾನು ಸಲ್ಲಿಸಿದ ಕೊನೆಯ ಸೇವೆ ಅದು.

"ವೋಲ್ಟೇಜು ಯಾಕೆ ಬಂತು ಅಂತ ನಿಮ್ಮ ಕಾಲೇಜಾಗೆ ಹೇಳ್ಕೊಟ್ರಾ?" ಎಂದರು ರಂಗಪ್ಪ.

ಆ ಮೇಲೆ ಬಂದವರನ್ನೆಲ್ಲ ಹೆಸರು ಹೇಳಿ ಬರೆಯುವುದು ಬೇಡ. ಒಂದೊಂದು ಮನೆಗೂ ಅದರದೇ ಅಂಚು, ಅದರದೇ ತಪ್ಪು. ಬೇರೆಯವರ ಅಂಚನ್ನು ಯಾರೂ ಕೈಯಿಂದ ಮುಟ್ಟುತ್ತಿರಲಿಲ್ಲ. ಯಾವ ಕಾನೂನೂ ಮಾಡಲಾರದ ಕೆಲಸವನ್ನು ಒಂದು ಕುಂಟು ಹಂಸ ಮಾಡಿತು. ಒಮ್ಮೆ ಬಂದವರು ಮತ್ತೆ ಬರುವ ಏರ್ಪಾಟನ್ನೂ ಅಕ್ಕಯ್ಯಮ್ಮನೇ ಮಾಡಿಕೊಟ್ಟರು. ಮಗುವಿಗೆ ಇಟ್ಟ ಬೊಟ್ಟು ಒಂದು ದಿನದಲ್ಲಿ ಅಳಿಸುತ್ತದಲ್ಲ, ಹಾಗೆ ಸೀರೆಯ ದೃಷ್ಟಿಬೊಟ್ಟೂ ಹಬ್ಬದಿಂದ ಹಬ್ಬಕ್ಕೆ ಹಳತಾಗುತ್ತದಂತೆ. ಇದನ್ನು ನಾನು ಹೇಳಿದ್ದಲ್ಲ. ನಾನು ಏನನ್ನೂ ಹೇಳಲಿಲ್ಲ. ಮಾತು ಕಡಿಮೆ ಇರುವುದು ಇಷ್ಟು ದೊಡ್ಡ ವ್ಯಾಪಾರದ ಗುಣವೆಂದು ನನಗೆ ಗೊತ್ತಿರಲಿಲ್ಲ. "ಆ ಹುಡುಗಿ ಬಾಯೇ ಬಿಡೋದಿಲ್ಲ, ಅದಕ್ಕೇ ಆ ಗುಣ ಕೈಯಲ್ಲಿ ನಿಂತದೆ" ಎಂದು ಜನ ಆಡಿಕೊಂಡರಂತೆ.

ಯುಗಾದಿಯ ಹೊತ್ತಿಗೆ ಹೀಗೆ ಮತ್ತೆ ಬಂದ ಮನೆಗಳು ಏಳಾಗಿದ್ದವು. ಹೋಳಿಗೆ ಊಟದ ಮೇಲೆ ಅಪ್ಪ ಜಗಲಿಯಲ್ಲಿ ಕುಳಿತು ಭಾವನಿಗೆ ಒಂದು ಕಾರ್ಡು ಬರೆದರು. ನನಗೆ ಓದಲು ಕೊಟ್ಟರು. "ಚಿರಂಜೀವಿಯು ತನ್ನ ಕೆಲಸದಲ್ಲಿನ ಅಚ್ಚುಕಟ್ಟಿನಿಂದಾಗಿ ಊರಿನವರ ವಿಶ್ವಾಸ ಗಳಿಸಿರುವುದರಿಂದ, ಸದರಿ ಶಾಲೆಯ ವಿಚಾರ ಬಿಡತಕ್ಕದ್ದು" ಎಂದಿತ್ತು. "ಅಚ್ಚುಕಟ್ಟಿನಿಂದಾಗಿ" ಎಂಬಲ್ಲಿ ನನ್ನ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಕಾರ್ಡನ್ನು ನಾನೇ ಅಂಚೆ ಡಬ್ಬಿಗೆ ಹಾಕಿ ಬಂದೆ.

ಓದುವವರು ಇದನ್ನು ಸುಲಭದ ಬದುಕೆಂದು ತಿಳಿಯಬಾರದು. ಸರಿಯಾಗಿ ಬರೆಯುವುದಕ್ಕಿಂತ ಸರಿಯಾಗಿ ತಪ್ಪು ಬರೆಯುವುದು ಕಷ್ಟ. ತಪ್ಪು ಕಾಣಬೇಕು, ಆದರೆ ಉಡುವವಳಿಗೆ ಕಾಣಬಾರದು. ಚಿಕ್ಕಪೇಟೆಯ ಸಾಹುಕಾರನಿಗೆ ಕಾಣಬಾರದು, ಅಕ್ಕಯ್ಯಮ್ಮನಿಗೆ ಕಾಣಬೇಕು. ಒಬ್ಬರ ತಪ್ಪು ಇನ್ನೊಬ್ಬರಿಗೆ ಹೋಗಬಾರದು. ಕಾಲೇಜಿನ ರೆಕಾರ್ಡ್ ಪುಸ್ತಕದಲ್ಲಿ ಉಳಿದಿದ್ದ ಖಾಲಿ ಹಾಳೆಗಳಲ್ಲಿ, ದಾಸವಾಳದ ಹಿಂದೆಯೇ, ನಾನು ಮನೆವಾರು ಪಟ್ಟಿ ಇಟ್ಟಿದ್ದೇನೆ. ನಂಜುಂಡಪ್ಪ: ಹಂಸ, ಬಲಗಾಲು. ರಂಗಪ್ಪ: ಗಿಣಿ, ಕೊಕ್ಕು. ಪ್ರತಿ ಕಾಗದ ಮುಗಿದ ಮೇಲೂ ಮೂರು ಸಲ ಎಣಿಸಿ, ಇಟ್ಟ ತಪ್ಪು ಇಟ್ಟಲ್ಲಿಯೇ ಇದೆಯೆ, ಬೇರೆ ಯಾವುದೂ ಇಲ್ಲವೆ ಎಂದು ಖಚಿತಪಡಿಸಿಕೊಳ್ಳುತ್ತೇನೆ.

ಈ ದಸರೆಗೆ ನಂಜುಂಡಪ್ಪನವರಿಗೆ ಬಳ್ಳಿಯ ನಡುವೆ ನವಿಲು ಬರೆದುಕೊಟ್ಟೆ. ಮಾರನೆಯ ದಿನ ಅವರು ಕಾಗದ ಹಿಡಿದುಕೊಂಡು ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದು, ಅಪ್ಪ ಇಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿದರು.

"ಮೇಡಂ, ನವಿಲು ಗರೀಲಿ ಒಂದು ಕಣ್ಣು ಕಮ್ಮಿ ಐತೆ. ಅದು ಗೊತ್ತಾಯ್ತು. ಇಲ್ಲಿ ಬಳ್ಳೀಲಿ ಒಂದೆಲೆ ತಲೆಕೆಳಗಾಗಿ ನಿಂತದಲ್ಲ, ಅದು?"

ನೋಡಿದೆ. ಎಲೆ ತನ್ನ ತುದಿಯಿಂದ ಬಳ್ಳಿಗೆ ಅಂಟಿಕೊಂಡು, ತೊಟ್ಟನ್ನು ಆಕಾಶಕ್ಕೆ ತೋರಿಸುತ್ತಿತ್ತು. ಪಟ್ಟಿಯಲ್ಲಿ ಅದು ಇರಲಿಲ್ಲ. ಮೂರು ಸಲ ಎಣಿಸಿದ್ದೆ.

"ದಸರಾ ಅಲ್ವೆ, ಮಾರಾಟ ಜಾಸ್ತಿ, ಬೀಳೋ ಕಣ್ಣೂ ಜಾಸ್ತಿ" ಎಂದೆ.

ನಂಜುಂಡಪ್ಪ ಕಾಗದವನ್ನು ಕಣ್ಣಿಗೊತ್ತಿಕೊಂಡರು. "ನೀವು ಎಲ್ಲಾನೂ ಯೋಚ್ನೆ ಮಾಡ್ತೀರಿ ಬುಡಿ" ಎಂದು ಕೈಮುಗಿದು ಹೋದರು. ಸಸ್ಯಶಾಸ್ತ್ರದ ಪದವೀಧರೆಯೊಬ್ಬಳು ಎಲೆಯನ್ನೇ ತಲೆಕೆಳಗಾಗಿ ಬರೆದಿದ್ದಾಳೆ ಎಂದರೆ ಈ ಊರಿನಲ್ಲಿ ನಂಬುವ ಒಂದು ಪ್ರಾಣಿಯೂ ಇಲ್ಲ. ನಂಬುವವಳು ನಾನೊಬ್ಬಳೇ, ನಾನು ಬಾಯಿ ಬಿಡುವ ಹಾಗಿಲ್ಲ.