ಎಂಜಲಾಗದ ಲಿಪ್‌ಸ್ಟಿಕ್

ನಮ್ಮ ಚಿಗವ್ವ ದೇವರ ತೀರ್ಥವನ್ನೂ ಕುದಿಸಿ, ಆರಿಸಿ, ಸೋಸಿ ಕುಡಿಯುವ ಹೆಂಗಸು!

ಇದು ಸ್ವಲ್ಪ ಹೆಚ್ಚಾಯಿತು ಅಂತ ನೀವು ಅನ್ನಬಹುದು. ಸ್ವಲ್ಪವೇ ಹೆಚ್ಚಾಗಿದೆ. ಗುಡಿಯಲ್ಲಿ ಪೂಜಾರಿ ತೀರ್ಥ ಕೊಟ್ಟರೆ ಅಂಗೈಯಲ್ಲಿ ಹಿಡಿದು, ಕಣ್ಣಿಗೆ ಒತ್ತಿಕೊಂಡು, ತಲೆಗೆ ಸವರಿಕೊಂಡು ಬಿಡುತ್ತಾಳೆ. ಬಾಯಿಯ ದಾರಿಯಲ್ಲಿ ಮಾತ್ರ ಕಳಿಸುವುದಿಲ್ಲ. ದೇವರಿಗೆ ತಿಳಿಯುತ್ತದೆ, ಹೊಟ್ಟೆಗೆ ತಿಳಿಯುವುದಿಲ್ಲ ಎಂಬುದು ಅವಳ ವಾದ. ಹೋಟೆಲಿಗೆ ಕರೆದುಕೊಂಡು ಹೋದರೆ ಮೊದಲ ಚಾದಿಂದ ಕಪ್ಪು ತೊಳೆಯುತ್ತಾಳೆ, ಎರಡನೆಯ ಚಾ ತರಿಸುತ್ತಾಳೆ, ಅದನ್ನೂ ಒಂದು ಗಳಿಗೆ ದಿಟ್ಟಿಸಿ ನೋಡಿ ನನ್ನ ಕಡೆ ಸರಿಸುತ್ತಾಳೆ. ಸ್ವಂತ ಅಕ್ಕನ ಮನೆಗೆ, ಅಂದರೆ ನಮ್ಮ ಮನೆಗೆ ಬಂದರೂ ನೀರಿನ ಬಾಟಲಿ ಅವಳ ಚೀಲದಲ್ಲೇ ಇರುತ್ತದೆ. ನಮ್ಮ ಅವ್ವ ಇದಕ್ಕೆ ಸಿಟ್ಟಾಗಿ ಸಿಟ್ಟಾಗಿ, ಕೊನೆಗೆ ದಣಿದು ಸಿಟ್ಟಾಗುವುದನ್ನೇ ಬಿಟ್ಟಿದ್ದಾಳೆ.

ಇಂಥ ಹೆಂಗಸು ಯಾವ ಉದ್ಯೋಗ ಹಿಡಿಯಬೇಕು ಹೇಳಿ? ಊರಿನವರ ಮುಖ, ಕೂದಲು, ಉಗುರು ಎಲ್ಲಾ ಮುಟ್ಟಬೇಕಾದ ಉದ್ಯೋಗವನ್ನೇ ಹಿಡಿದಳು. ಚಿಕ್ಕೋಡಿಯಲ್ಲಿ ಮನೆಯ ಮುಂದಿನ ಕೋಣೆಯೇ ಅವಳ ಬ್ಯೂಟಿ ಪಾರ್ಲರ್. ಒಳಗೆ ಕಾಲಿಟ್ಟರೆ ಸೆಂಟಿನ ವಾಸನೆ ಬರುವುದಿಲ್ಲ, ಆಪರೇಶನ್ ಕೋಣೆಯ ವಾಸನೆ ಬರುತ್ತದೆ. ಬಾಚಣಿಗೆ ಕುದಿಯುತ್ತಿರುತ್ತವೆ, ಟವೆಲ್ ಕುದಿಯುತ್ತಿರುತ್ತವೆ. ಬಸ್ ಡ್ರೈವರ್ ಆಗಿ ನಿವೃತ್ತರಾದ ಅವಳ ಗಂಡ, ನಮ್ಮ ಕಾಕಾ, ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ತಮ್ಮ ಸರದಿ ಯಾವಾಗ ಎಂಬಂತೆ ಆ ಪಾತ್ರೆಯನ್ನೇ ನೋಡುತ್ತ ಕೂತಿರುತ್ತಾರೆ.

ಕುದಿಸಲಿಕ್ಕೆ ಬಾರದ ವಸ್ತು ಒಂದೇ ಇತ್ತು. ಲಿಪ್‌ಸ್ಟಿಕ್. ಕುದಿಸಿದರೆ ಸಾರಾಗುತ್ತದೆ!

ಲಗ್ನದ ಸುಗ್ಗಿಯಲ್ಲಿ ಚಿಗವ್ವನ ನಿದ್ದೆ ಕೆಡಿಸಿದ್ದೇ ಇದು. ಏಕಸಂಬಿಯ ಮದುಮಗಳ ತುಟಿ ಮುಟ್ಟಿದ ಕಡ್ಡಿ ಮರುದಿನ ನಿಪ್ಪಾಣಿಯ ಮದುಮಗಳ ತುಟಿಗೆ, ಅದರಾಚೆ ಕಾಗವಾಡದವಳ ತುಟಿಗೆ. ಒಂದು ಸಂಜೆ ನನ್ನನ್ನು ಕೂರಿಸಿಕೊಂಡು ಕೇಳಿದಳು: "ಮೂರೂ ಮಂದಿ ಒಂದ ತಾಟನ್ಯಾಗ ಉಂಡಂಗಾತಿಲ್ಲೋ? ಎಂಜಲ ಅಲ್ಲೇನೋ ಇದು?" ಬ್ರಶ್ಶಿನಿಂದ ಹಚ್ಚು ಅಂದೆ. ಬ್ರಶ್ಶು ತಿರುಗಿ ಹೋಗಿ ಅದೇ ಕಡ್ಡಿಯನ್ನು ಮುಟ್ಟುತ್ತದಲ್ಲ, ಅದು ಎಂಜಲಿನ ಏಜೆಂಟ್ ಅಂದಳು. ಪ್ರತಿ ಸಲ ಮೇಲಿನ ತುದಿ ಕೊಯ್ದು ಒಗೆಯತೊಡಗಿದಳು. ಕಡ್ಡಿ ಮೇಲಿಂದ ಸವೆಯಿತು. ಅಡಿಯಲ್ಲಿ ಸಿಕ್ಕಿಕೊಂಡ ಭಾಗ ಹೇಗೂ ಯಾರಿಗೂ ಸಿಗುವಂಥದ್ದಲ್ಲ. ಕಸದ ಬುಟ್ಟಿಯಲ್ಲಿ ಖಾಲಿ ಪ್ಲಾಸ್ಟಿಕ್ ಕೊಳವೆಗಳ ರಾಶಿ ಬಿದ್ದಿತು. ಅದನ್ನು ನೋಡಿ ಮತ್ತೊಂದು ಚಿಂತೆ ಹುಟ್ಟಿತು: ಇಷ್ಟು ಪ್ಲಾಸ್ಟಿಕ್ ಎಲ್ಲಿ ಹೋಗುತ್ತದೆ?

ಪರಿಹಾರ ಹೊಳೆದದ್ದು ಗ್ಯಾಸ್ ಸಿಲಿಂಡರ್ ಬದಲಿಸುವವನು ಬಂದಾಗ. ಅವನು ಖಾಲಿಯದನ್ನು ಹೊತ್ತುಕೊಂಡು ಹೋಗುತ್ತಿದ್ದರೆ ಚಿಗವ್ವ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದಳಂತೆ. ಆಮೇಲೆ ನನಗೆ ಫೋನ್ ಮಾಡಿದಳು. "ಒಲಿ ಅದ ಇರತೈತಿ, ಸಿಲಿಂಡರ್ ಅಷ್ಟ ಬದಲಾಕ್ಕೈತಿ. ಲಿಪ್‌ಸ್ಟಿಕ್ಕಿಗೆ ಯಾಕ ಆಗಬಾರದು?"

ಹಿಡಿಕೆ ಒಂದೇ. ಒಳಗಿನ ರೀಫಿಲ್ ಮಾತ್ರ ಒಬ್ಬೊಬ್ಬ ಮದುಮಗಳಿಗೆ ಒಂದೊಂದು. ಕೆಲಸ ಮುಗಿದ ಮೇಲೆ ಅವಳ ರೀಫಿಲ್ ಅವಳ ಮನೆಗೆ. ವಿಚಾರ ಚೊಲೊ ಇತ್ತು. ಚೊಲೊ ಇಲ್ಲದ ಸಂಗತಿ ಏನೆಂದರೆ, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ವಿಜ್ಞಾನದ ಮಾಸ್ತರನಿಗೆ ರಾಕೆಟ್ಟಿನಿಂದ ರವಿಕೆಯ ಗುಂಡಿಯವರೆಗೆ ಎಲ್ಲವೂ ಗೊತ್ತಿರುತ್ತದೆ ಎಂದು ಚಿಗವ್ವ ನಂಬಿದ್ದಾಳೆ. ಮೇಣ ಎಷ್ಟು ಬಿಸಿಗೆ ಕರಗುತ್ತದೆ ಎಂದು ಕೇಳಿದಳು. ನಾನು ನಾಳೆ ಹೇಳುತ್ತೇನೆ ಅಂದೆ. ಅಂದಿನಿಂದ ಅವಳ ಫೋನ್ ಬಂದರೆ ನಾನು ಕ್ಲಾಸಿನಲ್ಲಿದ್ದೇನೆ ಅನ್ನತೊಡಗಿದೆ.

ಮೊದಲು ಮಕ್ಕಳ ಅಂಟಿನ ಕಡ್ಡಿಯ ಕೊಳವೆ ತೊಳೆದು, ಅದರಲ್ಲಿ ಕರಗಿಸಿದ ಬಣ್ಣ ಹೊಯ್ದಳು. ತಿರುಗಿಸಿದರೆ ಮೇಲೆ ಬಂತು. ಆದರೆ ಅಂಟಿನ ವಾಸನೆ ಹೋಗಲಿಲ್ಲ. ಮಾತಾಡದ ಸೊಸೆ ಬೇಕು ಅನ್ನುವವರಿಗೆ ಇದೇ ಇರಲಿ ಎಂದರು ಕಾಕಾ. ಆಮೇಲೆ ಸೂಜಿ ಇಲ್ಲದ ಸಿರಿಂಜು. ಮೆಲ್ಲಗೆ ಒತ್ತಿದರೆ ಬಣ್ಣ ಬರಲಿಲ್ಲ. ಜೋರಾಗಿ ಒತ್ತಿದರೆ ಇಡೀ ಕಡ್ಡಿ ಗುಂಡಿನ ಹಾಗೆ ಹಾರಿ ನನ್ನ ಬಿಳಿ ಅಂಗಿಯ ಎದೆಗೆ ಬಡಿಯಿತು. ನಾನು ಹಾಗೇ ಮನೆಗೆ ಹೋದೆ. ಬಾಗಿಲು ತೆಗೆದ ನನ್ನ ಹೆಂಡತಿ ಮೊದಲು ಚೀರಿದಳು, ಅದು ರಕ್ತವಲ್ಲ ಎಂದು ತಿಳಿದ ಮೇಲೆ ಇನ್ನೂ ಜೋರಾಗಿ ವಿಚಾರಣೆ ಶುರು ಮಾಡಿದಳು.

ಈ ಎಲ್ಲ ಪ್ರಯೋಗಗಳಿಗೆ ತುಟಿ ಯಾರದು? ನನ್ನ ಹೆಂಡತಿ ಒಲ್ಲೆ ಅಂದಳು. ಕಾಕಾರ ಮೀಸೆ ಅಡ್ಡ ಬರುತ್ತಿತ್ತು. ಉಳಿದವನು ನಾನು. ಚಿಗವ್ವ ನನ್ನ ಗದ್ದ ಹಿಡಿದು ನೋಡಿ, ದೊಡ್ಡ ತುಟಿ, ನಾಲ್ಕು ನಮೂನೆ ಹಿಡಿಯುತ್ತವೆ ಎಂದು ತೀರ್ಮಾನಿಸಿದಳು. ಒಮ್ಮೆ ಆ ಬಣ್ಣ ಎಣ್ಣೆಗೂ ಹೋಗಲಿಲ್ಲ, ಸೋಪಿಗೂ ಹೋಗಲಿಲ್ಲ. ಹಾಗೇ ಶಾಲೆಗೆ ಹೋದೆ. ಹೆಡ್‌ಮಾಸ್ತರರು ನನ್ನ ಬಾಯನ್ನು ನೋಡಿ ಒಳಗೆ ಕರೆದು, ಶಾಲೆಯ ಆವಾರದಲ್ಲಿ ಎಲೆ ಅಡಿಕೆ ಹಾಕುವುದು ಶೋಭೆ ತರುವುದಿಲ್ಲ ಎಂದು ತಿಳಿಹೇಳಿದರು. ತಪ್ಪಾಯಿತು, ಇನ್ನು ಹಾಕುವುದಿಲ್ಲ ಎಂದು ಕೈ ಮುಗಿದು ಬಂದೆ. ನಿಜ ಹೇಳಬೇಕಿತ್ತೇ? ನೀವಾದರೆ ಹೇಳುತ್ತಿದ್ದಿರೇ?

ಹಿಡಿಕೆಗಾಗಿ ಚಿಗವ್ವ ನೇರ ಲೇಥ್ ಅಂಗಡಿಗೆ ಹೋದಳು. ಯಾವ ಮಷೀನಿನ ಪಾರ್ಟ್ ಇದು ಎಂದು ಅಂಗಡಿಯವರು ಕೇಳಿದರೆ "ಬಾಯಿ ಮಷೀನಿಂದ್ರಿ" ಅಂದಳಂತೆ. ಅವರು ಮರುಮಾತಾಡದೆ ಹಿತ್ತಾಳೆಯಲ್ಲಿ ಮಾಡಿಕೊಟ್ಟರು. ಕುಟ್ಟಾಣಿಯಷ್ಟು ಭಾರವಾಯಿತು. ಎರಡನೆಯದು ಅಲ್ಯೂಮಿನಿಯಮ್ಮಿನದು: ಕೆಳಗೆ ತಿರುಗಿಸಿದರೆ ಒಳಗಿನ ಸಣ್ಣ ಸಲಾಕೆ ಮೇಲೇಳುತ್ತದೆ, ಅದು ರೀಫಿಲ್ಲನ್ನು ಅಡಿಯಿಂದ ತಳ್ಳುತ್ತದೆ. ಹಗುರ, ಚೆಂದ. ರೀಫಿಲ್ಲಿನ ಹೊದಿಕೆ ಮಾತ್ರ ಬಗೆಹರಿಯಲಿಲ್ಲ. ಪ್ಲಾಸ್ಟಿಕ್ ಬೇಡ; ತಗಡು ತುಟಿ ಕೊಯ್ದೀತು.

ಅದನ್ನು ಬಗೆಹರಿಸಿದ್ದು ನಿಪ್ಪಾಣಿ. ಚಿಗವ್ವನೂ ನಮ್ಮ ಅವ್ವನೂ ಹುಟ್ಟಿ ಬೆಳೆದದ್ದು ಅಲ್ಲಿ, ಬೀಡಿ ಕಟ್ಟುವ ಮನೆಯಲ್ಲಿ. ಒಂದು ದಿನ ನಮ್ಮ ಮನೆಯಲ್ಲಿ ಕೂತು, ಬೇಕರಿಯ ಬಟರ್ ಪೇಪರಿನ ತುಂಡೊಂದನ್ನು ಸುಮ್ಮನೆ ಬೆರಳಲ್ಲಿ ಹೊರಳಿಸುತ್ತಿದ್ದವಳು ಗಕ್ಕನೆ ಕೈ ನಿಲ್ಲಿಸಿದಳು. ಕಾಗದ ತಾನಾಗಿಯೇ ಸುರುಳಿಯಾಗಿತ್ತು, ಹೆಬ್ಬೆರಳಿನ ಉಗುರು ತಾನಾಗಿಯೇ ಅಡಿಯನ್ನು ಮಡಚಿತ್ತು. ಅವ್ವ ಅದನ್ನು ಕಸಿದುಕೊಂಡು ನೋಡಿ, ಸಡಿಲಾಗಿದೆ, ಸೇದಿದರೆ ಆರಿಹೋಗುತ್ತದೆ ಎಂದು ಬಿಚ್ಚಿ, ತಾನೇ ಬಿಗಿಯಾಗಿ ಸುತ್ತಿಕೊಟ್ಟಳು. ಅಕ್ಕ ತಂಗಿ ಸಂಜೆಯವರೆಗೆ ಕಾಗದದ ಬೀಡಿ ಸುತ್ತಿದರು. ಬಹಳ ವರ್ಷದ ಮೇಲೆ ಅವರಿಬ್ಬರೂ ಜಗಳಾಡದೆ ಕಳೆದ ಮಧ್ಯಾಹ್ನ ಅದು.

ಬಣ್ಣ ಹೊಯ್ದ ಕಾಗದದ ಕೊಳವೆಗಳು ಆರುವ ತನಕ ನೆಟ್ಟಗೆ ನಿಲ್ಲಬೇಕಲ್ಲ? ಚಿಗವ್ವ ಒಂದು ಬುಟ್ಟಿ ಜೋಳದಲ್ಲಿ ಅವನ್ನು ಊರಿಟ್ಟಳು. ಒಂದೆರಡು ಸೋರಿದವು. ಕಾಕಾ ಅದನ್ನು ತಿಳಿಯದೆ ಆ ಜೋಳವನ್ನು ಗಿರಣಿಗೆ ಒಯ್ದು ಬೀಸಿಸಿಕೊಂಡು ಬಂದರು. ಅವತ್ತಿನ ರೊಟ್ಟಿ ಗುಲಾಬಿ! ಚಿಗವ್ವ ಪಾರ್ಲರಿನಲ್ಲಿದ್ದಳು; ಕಾಕಾ ತಾವೇ ಬಡಿದುಕೊಂಡು ತಿಂದು ಕೈ ತೊಳೆದ ಮೇಲೆ ಅವಳಿಗೆ ವಿಷಯ ತಿಳಿಯಿತು. ಆಮೇಲೆ ಅವರನ್ನು ಕುರ್ಚಿಯಿಂದ ಏಳಲಿಕ್ಕೆ ಬಿಡಲಿಲ್ಲ. ಗಳಿಗೆಗೊಮ್ಮೆ ನಾಲಿಗೆ ನೋಡಿದಳು, ಕಣ್ಣಿನ ರೆಪ್ಪೆ ಎತ್ತಿ ನೋಡಿದಳು, ನನ್ನನ್ನು ಶಾಲೆಯಿಂದ ಕರೆಸಿದಳು. ಕಾಕಾ ಮಾತ್ರ ರೊಟ್ಟಿ ದಿನಕ್ಕಿಂತ ಮೆತ್ತಗಿತ್ತು ಎಂದು ನನ್ನ ಕಿವಿಯಲ್ಲಿ ಹೇಳಿದರು.

ಈಗ ಆ ಹಿಡಿಕೆಯನ್ನು ಅಥಣಿಯ, ನಿಪ್ಪಾಣಿಯ ಪಾರ್ಲರಿನವರೂ ಕೇಳಿಕೊಂಡು ಬರುತ್ತಾರೆ. ಚಿಗವ್ವ ಯಾವ ಊರಿಗೆ ಹೋದರೂ ರೀಫಿಲ್ಲಿನ ಪೆಟ್ಟಿಗೆಯನ್ನು ಎಲ್ಲರೆದುರು ತೆರೆದಿಟ್ಟು, ಒಬ್ಬರಿಗೆ ಒಂದು ಎಂದು ಮೊದಲೇ ಹೇಳಿ, ನಿನಗೆ ಬೇಕಾದ್ದು ನೀನೇ ಆರಿಸು ಅನ್ನುತ್ತಾಳೆ. ತಾನಾಗಿ ಒಂದನ್ನೂ ಎತ್ತಿ ಕೊಡುವುದಿಲ್ಲ. ಯಾಕೆ ಎಂದು ಕೇಳಿದರೆ ಹೇಳುವುದಿಲ್ಲ. ನನಗೆ ಗೊತ್ತಿದೆ. ಹಿಡಿಕೆ ಹೊಸದಾಗಿದ್ದಾಗ, ರಾಯಬಾಗದ ಕಡೆ ಅಲಖನೂರಿಗೆ ಒಂದು ಲಗ್ನಕ್ಕೆ ಅವಳನ್ನು ಕರೆದುಕೊಂಡು ಹೋದವನು ನಾನೇ.

ಶಿವರಾತ್ರಿ ಮುಗಿದ ಮೇಲಿನ ಬಿಸಿಲು. ರೀಫಿಲ್ಲುಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು, ಪೋಲಿಯೊ ಲಸಿಕೆ ಒಯ್ಯುವವರ ಹಾಗೆ ತೊಡೆಯ ಮೇಲೆ ಹಿಡಿದುಕೊಂಡು ಚಿಗವ್ವ ನನ್ನ ಸ್ಕೂಟರಿನ ಹಿಂದೆ ಕೂತಿದ್ದಳು. ಕಬ್ಬಿನ ಟ್ರ್ಯಾಕ್ಟರ್ ಎದುರಾದಾಗಲೆಲ್ಲ ನನ್ನ ಹೆಗಲು ಹಿಂಡಿದಳು. ಕರಗಿದ್ದರೆ? ಮುರಿದಿದ್ದರೆ? ಲಗ್ನದ ಮನೆಯಲ್ಲಿ ಮಾನ ಹೋದರೆ? ಅವಳ ಹೆದರಿಕೆ ಹೆಗಲಿನಿಂದ ನನಗೂ ಇಳಿಯಿತು.

ಬೌದ್ಧ ಪದ್ಧತಿಯ ಲಗ್ನ. ಮದುಮಗಳು ಬಿಳಿ ಸೀರೆ ಉಟ್ಟು ಸಿದ್ಧಳಾಗಿ ಕೂತಿದ್ದಳು. ಆಸ್ಪತ್ರೆಯಲ್ಲಿ ನರ್ಸ್ ಎಂದು ಮನೆಯವರು ಹೆಮ್ಮೆಯಿಂದ ಹೇಳಿದರು. ಅವಳ ಸೋದರತ್ತೆ, ಎತ್ತರದ, ನೆಟ್ಟನೆ ನಿಲುವಿನ ಹಿರಿಯರು, ತಾವೇ ಚಾ ತಂದರು. ಚಿಗವ್ವ ಎಂದಿನಂತೆ ಒಲ್ಲೆ ಅಂದಳು. ಎಂದಿನಂತೆ ಚೀಲದಿಂದ ಬಾಟಲಿ ತೆಗೆದು ಎತ್ತಿ ನೀರು ಕುಡಿದಳು. ಅತ್ತೆಯವರು ಆ ಬಾಟಲಿಯನ್ನು ಒಮ್ಮೆ ನೋಡಿದರು, ತಟ್ಟೆಯಲ್ಲಿ ಉಳಿದ ಕಪ್ಪನ್ನು ಒಮ್ಮೆ ನೋಡಿದರು. ನನಗೆ ಆಗಲೇ ತಿಳಿಯಬೇಕಿತ್ತು. ನಾನು ನನ್ನ ಚಾ ಕುಡಿದು ಅವಳದನ್ನೂ ಕುಡಿದು ಪಡಸಾಲೆಗೆ ಹೋಗಿ ಕೂತೆ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕರೆ ಬಂತು. ಹಿಡಿಕೆಯ ಸಲಾಕೆ ಸಿಕ್ಕಿಕೊಂಡಿತ್ತು. ಎಲ್ಲರ ಕಣ್ಣೆದುರು ಬೆವರುತ್ತ, ಹೇರ್‌ಪಿನ್ ತೂರಿಸಿ ಹೇಗೋ ಬಿಡಿಸಿಕೊಟ್ಟೆ. ಚಿಗವ್ವನ ಮುಖ ಅರಳಿತು. ಪೆಟ್ಟಿಗೆಯಿಂದ ಒಂದು ರೀಫಿಲ್ ತೆಗೆದು, ಮೇಲಿನ ಕಾಗದ ಬಿಚ್ಚಿ, ಅದನ್ನು ಹಿಡಿಕೆಗೆ ಕೂರಿಸುತ್ತ ಅಭಿಮಾನದಿಂದ ಅಂದಳು: "ನಿನಗ ಬ್ಯಾರೆ ತಂದೇನಿ ನೋಡವಾ."

ಕೆಳತುಟಿಗೆ ಬಣ್ಣ ಹಚ್ಚಿ ಮುಗಿಯಿತು. ಅತ್ತೆಯವರು ಮುಂದೆ ಬಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅಕ್ಕಾರ, ಒಂದ ಮಾತ ಕೇಳ್ತೇನ್ರಿ. ಇದು ಎಲ್ಲಾರಿಗೂ ಬ್ಯಾರೆ ಏನ್ರಿ, ನಮಗಷ್ಟ ಬ್ಯಾರೆ ಏನ್ರಿ?"

ಅವರು ಸಣ್ಣವರಿದ್ದಾಗ ಊರಿನ ಚಾದಂಗಡಿಯಲ್ಲಿ ಅವರ ಮಂದಿಯ ಕಪ್ಪುಗಳು ಹೊರಗೆ ಗೋಡೆಯ ಸಂದಿನಲ್ಲಿ ಇರುತ್ತಿದ್ದವಂತೆ. ತಾವೇ ತೆಗೆದುಕೊಂಡು, ಕುಡಿದು, ತೊಳೆದು, ತಿರುಗಿ ಅಲ್ಲೇ ಇಡಬೇಕಿತ್ತಂತೆ. ಇಂದು ಮನೆಯಲ್ಲಿ ಹುಡುಗಿಯ ಲಗ್ನ, ಅದಕ್ಕೆ ಕೇಳಿದೆ, ತಪ್ಪು ತಿಳಿಯಬೇಡಿ ಎಂದರು.

ನಾನು ನಡುವೆ ಬಾಯಿ ಹಾಕಿದೆ. ಈಕೆ ತೀರ್ಥವನ್ನೂ ಕುಡಿಯುವುದಿಲ್ಲ, ನಮ್ಮ ಮನೆಯಲ್ಲೂ ನೀರು ಮುಟ್ಟುವುದಿಲ್ಲ, ಏಕಸಂಬಿಯಲ್ಲೂ ನಿಪ್ಪಾಣಿಯಲ್ಲೂ ಚಾ ಒಲ್ಲೆ ಅಂದವಳೇ, ರೀಫಿಲ್ ಇನ್ನು ಎಲ್ಲರಿಗೂ ಬೇರೆ ಬೇರೆಯೇ ಎಂದು ಒಂದರ ಮೇಲೊಂದು ಹೇಳಿದೆ. ಇಷ್ಟು ಹೊತ್ತು ನಿಮ್ಮನ್ನು ನಗಿಸಲಿಕ್ಕೆ ಹೇಳಿದ್ದನ್ನೆಲ್ಲ ಅಲ್ಲಿ ಹೇಳಿದೆ. ಯಾರೂ ನಗಲಿಲ್ಲ. ಎಲ್ಲವೂ ನಿಜವಾಗಿತ್ತು, ಎಲ್ಲವೂ ನೆವದ ಹಾಗೆ ಕೇಳಿಸಿತು. ಇಂಥ ನೆವಗಳನ್ನು ಅವರು ಎಷ್ಟು ಕೇಳಿರಲಿಕ್ಕಿಲ್ಲ!

ಚಿಗವ್ವನ ಮುಖ ನೋಡಿದೆ. ಅವಳ ನೂರಾರು ಹೆದರಿಕೆಗಳನ್ನು ನಾನು ಬಲ್ಲೆ. ಈ ಹೆದರಿಕೆಯನ್ನು ಕಂಡಿರಲಿಲ್ಲ. ಕೈಯಲ್ಲಿದ್ದ ಕಡ್ಡಿಯನ್ನು ನೋಡಿದಳು. ಅದರ ತುದಿ ಆಗಲೇ ಮದುಮಗಳ ತುಟಿಗೆ ತಾಗಿ ಸವೆದಿತ್ತು. ಅದನ್ನು ತನ್ನ ಕಡೆ ತಿರುಗಿಸಿಕೊಂಡು, ಕನ್ನಡಿ ಇಲ್ಲದೆ, ತನ್ನ ತುಟಿಗೆ ಹಚ್ಚಿಕೊಂಡಳು.

ಊರೂರಿನ ಮದುವಣಗಿತ್ತಿಯರನ್ನು ಸಿಂಗರಿಸಿದ ಚಿಗವ್ವ ತಾನು ಒಂದು ದಿನವೂ ಲಿಪ್‌ಸ್ಟಿಕ್ ಹಚ್ಚಿಕೊಂಡವಳಲ್ಲ. ಬಣ್ಣ ತುಟಿ ಮೀರಿ ಗಲ್ಲದ ತನಕ ಹೋಯಿತು.

"ಹೆದರಿಕಿ ನನ್ನ ರೋಗರಿ ಅಕ್ಕಾ," ಅಂದಳು. "ನಿಮ್ಮನ್ನ ನೋಡೂಕಿಂತ ಮೊದಲಿಂದು."

ಅತ್ತೆಯವರು ಬಂದು ಚಾಪೆಯ ಮೇಲೆ ಅವಳ ಪಕ್ಕದಲ್ಲಿ ಕೂತರು. ಮದುಮಗಳು ಕೈ ಚಾಚಿ ಹಿಡಿಕೆಯನ್ನು ತೆಗೆದುಕೊಂಡಳು, ಉಳಿದಿದ್ದ ತನ್ನ ಮೇಲ್ದುಟಿಗೆ ಅದೇ ಕಡ್ಡಿಯಿಂದ ಬಣ್ಣ ಹಚ್ಚಿಕೊಂಡಳು. ಆಮೇಲೆ ಮುಂದೆ ಬಾಗಿ, ಚಿಗವ್ವನ ಗಲ್ಲಕ್ಕೆ ಹರಡಿದ್ದ ಕೆಂಪನ್ನು ಉಂಗುರದ ಬೆರಳಿನಿಂದ ಮೆಲ್ಲಗೆ ಒರೆಸತೊಡಗಿದಳು. ಯಾರ ಕೈ ಮುಖದ ಹತ್ತಿರ ಬಂದರೂ ಹಿಂದೆ ಸರಿಯುವ ನಮ್ಮ ಚಿಗವ್ವ, ಕಣ್ಣು ಮುಚ್ಚಿ, ಗದ್ದ ಎತ್ತಿ, ಸಣ್ಣ ಹುಡುಗಿಯ ಹಾಗೆ ಕೂತಿದ್ದಳು. ಮುಚ್ಚಿದ ರೆಪ್ಪೆಯ ಅಂಚಿನಿಂದ ನೀರು ಇಳಿಯುತ್ತಿತ್ತು.

"ಅಳಬ್ಯಾಡ್ರಿ ಅಕ್ಕಾ," ಅಂದಳು ಮದುಮಗಳು, ಬೆರಳನ್ನು ತೆಗೆಯದೆ. "ಬಣ್ಣ ಕೆಡತೈತಿ."