ಎಂಟು ಸೀಳಿನ ಬದನೆಕಾಯಿ

ಮೂವತ್ತಾರು ಸ್ಲೈಡುಗಳಲ್ಲಿ ಒಂದನ್ನು ಮಾತ್ರ ತಿರುಮಲೇಶ ಟೀವಿಯ ಹಿಂದೆ ಬಚ್ಚಿಟ್ಟ. ಕಸದ ಬುಟ್ಟಿಗೆ ಹಾಕಬೇಕಿತ್ತು. ಅಷ್ಟು ಬುದ್ಧಿಯಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಅದು ೧೯೮೬. ಆಫೀಸಿನವರು ಅವನನ್ನು ಅಥೆನ್ಸಿಗೆ ಕಳಿಸಿದ್ದರು. ಕೆಲಸ ಮುಗಿದ ಮೇಲೆ ನಾಲ್ಕು ದಿನ ಅವನು ಸೀರೋಸ್ ಎಂಬ ಗ್ರೀಕ್ ದ್ವೀಪದಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದು ಫೋಟೋ ತೆಗೆದಿದ್ದ. ಅವನ್ನು ನೋಡಲು ಆ ಭಾನುವಾರ ಅಮೆರಿಕದ ಮಿಲ್ಪಿಟಾಸಿನ ಕನ್ನಡಿಗರೆಲ್ಲ ಅವನ ಮನೆಗೆ ಊಟಕ್ಕೆ ಬಂದಿದ್ದರು. ಬಡಿಸಿದವರು ಅವನ ಅತ್ತೆ ಸತ್ಯವತಮ್ಮ. ಮಗಳು ಪದ್ಮಜಾಳ ಬಾಣಂತನಕ್ಕೆಂದು ಮೈಸೂರಿನಿಂದ ಬಂದವರು, ಬಾಗಿಲಲ್ಲೇ ಹೇಳಿದ್ದರು: "ಅಳಿಯಂದಿರೇ, ಮಾಂಸ ತಿಂದವರ ಮನೇಲಿ ನಾನು ನೀರೂ ಕುಡಿಯೋಲ್ಲ. ಗೊತ್ತಾದ ದಿನಾನೇ ವಿಮಾನ ಹತ್ತಿಬಿಡ್ತೀನಿ." ಹೆರಿಗೆಗೆ ಇನ್ನು ಹತ್ತೇ ದಿನವಿತ್ತು.

ಊಟವಾದ ಮೇಲೆ ಗೋಡೆಗೆ ಬೆಡ್‌ಶೀಟು ಕಟ್ಟಿ ಪ್ರೊಜೆಕ್ಟರು ಹಾಕಿದ್ದಾಯಿತು. ಗುಡ್ಡಕ್ಕೆ ಅಂಟಿಕೊಂಡ ಬಿಳಿ ಮನೆಗಳು, ಮೆಟ್ಟಿಲೇರುವ ಕತ್ತೆ, ನೀಲಿ ಸಮುದ್ರ. ಎಲ್ಲರೂ ಆಹಾ ಎಂದರು. ಮೂವತ್ತೈದು ಮುಗಿದವು. ತಿರುಮಲೇಶ ಸ್ವಿಚ್ಚಿಗೆ ಕೈ ಚಾಚಿದ.

"ಇರ್ರೀ, ಇನ್ನೊಂದಿದೆ!" ಎಂದ ಪಕ್ಕದ ಮನೆಯ ಶೇಷಾದ್ರಿ. "ಟೀವಿ ಹಿಂದೆ ಬಿದ್ದಿತ್ತು. ನಾನೇ ಎತ್ತಿ ಸೇರಿಸ್ದೆ."

ಬೆಡ್‌ಶೀಟಿನ ತುಂಬ ಒಂದು ಹಗ್ಗ. ಅದರ ಮೇಲೆ ಬಿಸಿಲಿಗೆ ಒಣಗುತ್ತಿದ್ದ ಎಂಟು ಕಾಲಿನ ಆಕ್ಟೋಪಸ್‌ಗಳು. ಪಕ್ಕದಲ್ಲಿ ಹಲ್ಲು ಕಿರಿಯುತ್ತ ನಿಂತ ತಿರುಮಲೇಶ.

"ಏನದು ಒಣಹಾಕಿರೋದು?" ಎಂದರು ಅತ್ತೆ.

"ಬ... ಬದನೆಕಾಯಿ, ಅತ್ತೆ! ಎಣ್ಣೆಗಾಯಿಗೆ ಸೀಳ್ತೀವಲ್ಲ, ಹಾಗೇ ಸೀಳಿ ನೇತುಹಾಕ್ತಾರೆ. ಬಾಳಕ."

"ನೋಡಿದ್ರಾ, ಥೇಟ್ ನಮ್ಮವರೇ ಕಣ್ರೀ!" ಎಂದು ಶೇಷಾದ್ರಿ ಚಪ್ಪಾಳೆ ತಟ್ಟಿದ. ತಿರುಮಲೇಶನಿಗೆ ಹೋದ ಜೀವ ಬಂದಂತಾಯಿತು.

"ಓ! ಹಾಗಾದ್ರೆ ನಿಮ್ ಸೂಟ್‌ಕೇಸಲ್ಲಿ ಪೇಪರ್ ಸುತ್ತಿಟ್ಟಿದ್ದು ಅದೇನಾ?" ಎಂದರು ಅತ್ತೆ. "ಒಣಗಿ ಸುರುಟಿಕೊಂಡಿತ್ತು. ಕರಿದು ಎಲ್ಲರಿಗೂ ಬಡಿಸಿಬಿಟ್ಟೆ."

ತಿರುಮಲೇಶನಿಗೆ ಆಗ ನೆನಪಾಯಿತು. ದ್ವೀಪದಿಂದ ಹೊರಡುವಾಗ, ಆಕ್ಟೋಪಸ್ ಒಣಹಾಕಿದ್ದ ಆ ಮನೆಯ ಗ್ರೀಕ್ ಅಜ್ಜಿ ಬಲವಂತವಾಗಿ ತುರುಕಿದ ಪೊಟ್ಟಣ! ಬಿಚ್ಚಿಯೂ ನೋಡದೆ ಪೆಟ್ಟಿಗೆಯ ತಳಕ್ಕೆ ಸೇರಿಸಿ ಮರೆತೇಬಿಟ್ಟಿದ್ದ.

"ಸೊಗಸಾಗಿತ್ತು ಕಣ್ರೀ, ಮೂರು ಸಲ ಹಾಕಿಸ್ಕೊಂಡೆ," ಎಂದ ಶೇಷಾದ್ರಿ.

"ನಾನಿನ್ನೂ ರುಚೀನೇ ನೋಡಿಲ್ಲ," ಎನ್ನುತ್ತ ಅತ್ತೆ ತಟ್ಟೆಯಲ್ಲಿ ಉಳಿದ ತುಂಡನ್ನೆತ್ತಿ ಬಾಯಿಯ ಬಳಿಗೆ ತಂದರು. ಅರವತ್ತು ವರ್ಷದ ಮಡಿ! ಪಾಪ, ತಿರುಮಲೇಶ ಹೇಡಿಯಾದರೂ ಕಟುಕನಲ್ಲ.

"ಅತ್ತೇ, ಬೇಡಿ!" ಎಂದು ಚೀರಿದ. "ಬದನೆಕಾಯಿ ಅಲ್ಲ ಅದು, ಸಮುದ್ರದ ಪ್ರಾಣಿ! ಎಷ್ಟು ಅಗಿದ್ರೂ ರಬ್ಬರ್ ಥರ ಎಳೆಯತ್ತೆ, ನಿಂಬೆಹಣ್ಣು ಹಿಂಡದೆ ಗಂಟಲಲ್ಲಿ ಇಳಿಯೋದೇ ಇಲ್ಲ!"

ಶೇಷಾದ್ರಿ ಬಾಯಿ ಮುಚ್ಚಿಕೊಂಡು ಬಾತ್‌ರೂಮಿಗೆ ಓಡಿದ. ಉಳಿದವರು ಅಡುಗೆಮನೆಯ ಸಿಂಕಿಗೆ ಮುಗಿಬಿದ್ದರು. ಪದ್ಮಜಾ ಹೊಟ್ಟೆ ಹಿಡಿದುಕೊಂಡೇ ಹೋಗಿ ದೀಪ ಹಾಕಿ, ಅಮ್ಮನ ಕೈಯ ತುಂಡನ್ನು ಕಿತ್ತು ನೋಡಿದಳು.

"ಹುಚ್ಚೇನ್ರೀ ನಿಮಗೆ? ಬೀಜ ಕಾಣ್ತಿಲ್ವಾ? ಒಣಗಿಸಿದ ಟೊಮೇಟೊ ಇದು!"

ಸಿಂಕಿನ ಕಡೆಯಿಂದ ದೊಡ್ಡ ನಗು ಎದ್ದಿತು. ತಿರುಮಲೇಶನೂ ಬೆವರೊರೆಸಿಕೊಂಡು ನಕ್ಕ. ಅತ್ತೆ ಮಾತ್ರ ನಗಲಿಲ್ಲ.

"ಟೊಮೇಟೊ, ಸರಿ," ಎಂದರು ಮೆಲ್ಲಗೆ. "ನಿಂಬೆಹಣ್ಣು ಹಿಂಡದೆ ಇಳಿಯೋಲ್ಲ ಅಂತ ನಿಮಗೆ ಹೇಗೆ ಗೊತ್ತು, ಅಳಿಯಂದಿರೇ?"