ಸಿದ್ಧಕಟ್ಟೆಯಲ್ಲಿ ನಿಂತ ಅರವತ್ತನಾಲ್ಕನೇ ನಂಬರಿನ ಎಂಜಿನ್ನಿಗೆ

ಇವರಿಗೆ,
ಶ್ರೀಯುತ ಅರವತ್ತನಾಲ್ಕನೇ ನಂಬರಿನ ಎಂಜಿನ್ ಅವರು,
ಬಂಟ್ವಾಳ–ಮೂಡುಬಿದಿರೆ ಆಟಿಕೆ ರೈಲುಮಾರ್ಗ (ಉದ್ದ ಎಂಟಡಿ, ಪ್ಲೈವುಡ್ಡಿನ ಮೇಲೆ),
ನಮ್ಮ ಮನೆಯ ಎದುರಿನ ಕೋಣೆ, ಸಿದ್ಧಕಟ್ಟೆ.

ಮಾನ್ಯರೇ,

ತಾವು ಚಕ್ರ, ದೀಪ, ಸೀಟಿಗಳ ಸಮೇತ ಕ್ಷೇಮವಾಗಿದ್ದೀರಿ ಎಂದು ಕಣ್ಣಾರೆ ನೋಡಿಯೇ ಈ ಅರಿಕೆಯನ್ನು ಬರೆಯಲು ಕುಳಿತಿದ್ದೇನೆ. ತಮ್ಮ ಸಂಗತಿಯನ್ನು ಊರಿನಲ್ಲಿ ಮೊದಲು ಹೇಳಿದವರು ಮೀನಿನ ಪಿಕಪ್ಪು ಓಡಿಸುವ ಬಾವಾ. ಹೇಳಿದ್ದು ಇಂದು, ಭಾನುವಾರ, ಸಂಜೆ ಐದು ಗಂಟೆಗೆ, ನಮ್ಮ ಮನೆಯ ಎದುರಿನ ಹೋಟೆಲಿನಲ್ಲಿ, ಎಂಟು ಜನ ಕೇಳುಗರ ಮುಂದೆ. "ಸಲಾಂ ಸಾಹೇಬ್ರ ರೈಲು ಬಂಟ್ವಾಳದಿಂದ ಜೋರಾಗಿ ಹೊರಟಿತು ಮಾರಾಯ್ರೇ, ಸಿದ್ಧಕಟ್ಟೆಗೆ ಬಂದದ್ದೇ ನಿಂತಿತು, ಚಾ ಕುಡಿಯಲಿಕ್ಕೆ ಅಂತ ಕಾಣ್ತದೆ" ಎಂದು ಅವರು ಶುರುಮಾಡಿದ್ದೂ, ಎಂಟೂ ಜನ ನಕ್ಕದ್ದೂ ನನ್ನ ಕಿಟಕಿಯೊಳಗೆ ಸ್ಪಷ್ಟವಾಗಿ ಕೇಳಿಸಿತು. ಬಾವಾ ಹೇಳಿದರೆ ಯಾವ ಕಥೆಗೂ ಸ್ವಲ್ಪ ಮಸಾಲೆ ಬೀಳುತ್ತದೆ, ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ತಮ್ಮ ಮುಂದೆ ಇಡುತ್ತಿದ್ದೇನೆ. ಬಹಿರಂಗ ಪತ್ರ ಯಾಕೆ ಎಂದು ತಾವು ಕೇಳಬಹುದು. ನನ್ನ ಮಾನ ಹೋದದ್ದೂ ಬಹಿರಂಗವಾಗಿಯೇ.

ತಾವು ಯಾರಿಗಾಗಿ ಈ ಮನೆಗೆ ಬಂದಿರಿ ಎಂಬುದನ್ನು ಮೊದಲು ನೆನಪಿಸಬೇಕು. ನನಗೆ ಐದನೇ ಕ್ಲಾಸಿನಲ್ಲಿ ಭೂಗೋಳ ಕಲಿಸಿದ ಪಾರ್ಶ್ವನಾಥ ಮಾಷ್ಟ್ರು ಕರಿಹಲಗೆಯ ಮೇಲೆ ಜಿಲ್ಲೆಯ ನಕ್ಷೆ ಬರೆದು, ಬಂಟ್ವಾಳದಿಂದ ಮೂಡುಬಿದಿರೆಗೆ ಚುಕ್ಕಿ ಚುಕ್ಕಿಯಾಗಿ ಒಂದು ಗೆರೆ ಎಳೆದು, "ಇದು ರೈಲು. ಈಗ ಇಲ್ಲ, ಬರ್ತದೆ, ಬರೆದುಕೊಳ್ಳಿ" ಎನ್ನುತ್ತಿದ್ದರು, ನಾವು ಬರೆದುಕೊಂಡೆವು, ಪರೀಕ್ಷೆಯಲ್ಲಿಯೂ ಬರೆದೆವು, ಪೇಪರು ತಿದ್ದಿದ ಬೇರೆ ಶಾಲೆಯ ಮಾಷ್ಟ್ರು ಅದಕ್ಕೆ ಎರಡು ಅಂಕ ಕಳೆದರು. 1964ರಿಂದ ತೀರಿಕೊಳ್ಳುವ ತನಕ ಮಾಷ್ಟ್ರು ಆ ರೈಲಿಗಾಗಿ ವರ್ಷಕ್ಕೊಂದು ಅರ್ಜಿ ಬರೆದರು, ಬರೆದದ್ದನ್ನೆಲ್ಲ ಅಂಚೆ ಡಬ್ಬಿಗೆ ಹಾಕಿದವರು ಅವರ ಹೆಂಡತಿ ರಾಜೀವಿಯಮ್ಮ. ಈಗ ಎಂಬತ್ತಾರು ವರ್ಷದ ಆ ಅಮ್ಮ ಮೂಡುಬಿದಿರೆಯ ಮನೆಯಲ್ಲಿ, ಎಂಜಿನಿಯರಿಂಗ್ ಓದುವ ಮೊಮ್ಮಗಳು ಸಮೀಕ್ಷಾಳ ಜೊತೆ ಇದ್ದಾರೆ. ಕಳೆದ ವರ್ಷ ನಾನು ಕಾಣಲು ಹೋದಾಗ "ಆ ರೈಲು ನಮ್ಮೂರಿಗೆ ಬರುವುದನ್ನು ಒಂದು ಸಲ ನೋಡಿದ್ರೆ ಸಾಕಿತ್ತು ಸಲಾಂ" ಎಂದರು. ಶಾರ್ಜಾದಲ್ಲಿ ಇಪ್ಪತ್ತಾರು ವರ್ಷ ಏಸಿ ರಿಪೇರಿ ಮಾಡಿ ಬಂದು, ಕೈಗೆ ಕೆಲಸವಿಲ್ಲದೆ ಕುಳಿತಿದ್ದ ನನಗೆ ಅಷ್ಟು ಮಾತು ಸಾಕಾಯಿತು. ಮಾರ್ಗ ಹಾಕಿದೆ, ತಮ್ಮನ್ನು ತರಿಸಿದೆ, ಕಾರ್ಖಾನೆಯವರು ತಮಗೆ ಕೊಟ್ಟಿದ್ದ ಮೂರು ಎಂಬ ನಂಬರನ್ನು ತೆಗೆದು, ಮೊದಲ ಅರ್ಜಿಯ ವರ್ಷದ ಗೌರವಕ್ಕೆ ಅರವತ್ತನಾಲ್ಕು ಎಂದು ನಾಮಕರಣ ಮಾಡಿದೆ.

ತಾವು ಹಳೆಯ ಕಾಲದ ಆಟಿಕೆ ರೈಲಲ್ಲ, ಡಿಜಿಟಲ್ ಎಂಬುದನ್ನು ನಾನು ಬಲ್ಲೆ. ಹಳೆಯದಕ್ಕೆ ಕರೆಂಟು ಹೆಚ್ಚಿಸಿದರೆ ಓಡುತ್ತಿತ್ತು, ಇಳಿಸಿದರೆ ನಿಲ್ಲುತ್ತಿತ್ತು. ತಮ್ಮ ಹಳಿಯಲ್ಲಿಯಾದರೋ ಕರೆಂಟು ಸದಾ ಇರುತ್ತದೆ, ನನ್ನ ಕೈಯ ಕಂಟ್ರೋಲರಿನಿಂದ ಹೊರಟ ಅಪ್ಪಣೆಯೂ ಅದೇ ಹಳಿಯಲ್ಲಿ ಬರುತ್ತದೆ. ಅದನ್ನು ಚಕ್ರದ ಮೂಲಕ ತರಿಸಿಕೊಂಡು ಓದಿ, ತಮ್ಮ ನಂಬರಿಗೆ ಬಂದದ್ದಾದರೆ ಮಾತ್ರ ಪಾಲಿಸುವ ಡಿಕೋಡರ್ ಎಂಬ ಉಗುರಿನಷ್ಟು ಗಾತ್ರದ ಅಧಿಕಾರಿಯೊಬ್ಬರು ತಮ್ಮ ಹೊಟ್ಟೆಯೊಳಗೆ ಕುಳಿತಿದ್ದಾರೆ. ವಿಳಾಸ ಸರಿಯಿಲ್ಲದ ಕಾಗದವನ್ನು ಮುಟ್ಟದೆ ಬದಿಗಿಡುವ ಪದ್ಧತಿ ನನಗೆ ಹೊಸತಲ್ಲ. ಅದಕ್ಕೆ ಇಷ್ಟು ಚಿಕ್ಕ ಕಚೇರಿ ಸಾಕಾಗುತ್ತದೆ ಎಂಬುದು ಮಾತ್ರ ಹೊಸತು.

ಇಂದು ರಾಜೀವಿಯಮ್ಮ ಸಮೀಕ್ಷಾಳ ಕೈ ಹಿಡಿದು ಎರಡೂವರೆಯ ಬಸ್ಸಿನಲ್ಲಿ ಬಂದಿಳಿದರು. ಅವರು ಜೈನರು, ಸೂರ್ಯ ಮುಳುಗುವ ಮೊದಲು ಉಣ್ಣುವವರು, ಮನೆಯ ಹೊರಗೆ ಉಣ್ಣದವರು, ಆದ್ದರಿಂದ ನಾಲ್ಕೂವರೆಯ ಬಸ್ಸಿಗೆ ಹಿಂದಿರುಗಲೇಬೇಕು. ಅಂದರೆ ಎಂಟಡಿ ಕ್ರಮಿಸಲು ತಮಗೆ ಎರಡು ಗಂಟೆಯ ಕಾಲಾವಕಾಶವಿತ್ತು. ತಾವು ಸೀಟಿ ಹಾಕಿ ಬಂಟ್ವಾಳ ಬಿಟ್ಟ ಗಾಂಭೀರ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಸಿದ್ಧಕಟ್ಟೆಯ ಪ್ಲಾಟ್‌ಫಾರ್ಮಿಗೆ ಬಂದಿರಿ, ಒಮ್ಮೆ ನಡುಗಿದಿರಿ, ಅಮ್ಮನ ಕಡೆಗೆ ಎರಡು ಸಲ ದೀಪ ಮಿಟುಕಿಸಿದಿರಿ, ನಿಂತಿರಿ. ನಿಂತವರು ಮತ್ತೆ ಕದಲಲಿಲ್ಲ.

ನಾನು ತಂತಿಗಳನ್ನು ಒಂದೊಂದಾಗಿ ಎಳೆದು ನೋಡಿದೆ. ಮೀಟರು ಚುಚ್ಚಿದೆ, ಹಳಿಯಲ್ಲಿ ಕರೆಂಟು ಇತ್ತು. ಏನೂ ತೋಚದಿದ್ದರೆ ರಿಸೆಟ್ ಮಾಡಬೇಕೆಂದು ಪುಸ್ತಕದಲ್ಲಿತ್ತು, ಮಾಡಿದೆ, ಆಮೇಲೆ ಇಪ್ಪತ್ತು ನಿಮಿಷ ಅರವತ್ತನಾಲ್ಕು ಒತ್ತಿ ಒತ್ತಿ ಅಪ್ಪಣೆ ಕೊಟ್ಟೆ. ನೋಡಲು ಬಂದಿದ್ದ ಬಾವಾ, "ಅದಕ್ಕೆ ಆಧಾರ್ ಲಿಂಕ್ ಆಗಿಲ್ಲವೋ ಏನೋ" ಎಂದರು. ಕೊನೆಗೆ ಸಮೀಕ್ಷಾ, "ಅಂಕಲ್, ನೀವು ಯಾರನ್ನು ಕರೀತಾ ಇದ್ದೀರಿ? ರಿಸೆಟ್ ಮಾಡಿದ್ರೆ ಅದು ಪುನಃ ಮೂರು ಆಗ್ತದೆ" ಎಂದಳು. ಅಷ್ಟು ಹೊತ್ತು ನಾನು ಮನೆಯಲ್ಲಿಯೇ ಇಲ್ಲದವರನ್ನು ಕರೆಯುತ್ತಿದ್ದೆ. ಅವಳು ತಮಗೆ ಪುನಃ ಅರವತ್ತನಾಲ್ಕನ್ನು ದಯಪಾಲಿಸಿದಳು, ತಾವು ಪುನಃ ದೀಪ ಮಿಟುಕಿಸಿದಿರಿ, ಅಷ್ಟೇ, ಕದಲಲಿಲ್ಲ.

ನಾಲ್ಕೂಕಾಲು ಗಂಟೆಗೆ ರಾಜೀವಿಯಮ್ಮ ಕುರ್ಚಿಯಿಂದ ಎದ್ದರು. ಸೆರಗು ಸರಿಮಾಡಿಕೊಂಡು, ತೋರುಬೆರಳನ್ನು ಎಂಜಿನ್ನಾದ ತಮ್ಮ ಬೆನ್ನಿಗೆ ಒತ್ತಿ, ಹಳಿಯ ಮೇಲೆ ಬೆರಳು ಉಜ್ಜುತ್ತ ನಾಲ್ಕಡಿ ದೂಡಿಕೊಂಡು ಹೋಗಿ ತಮ್ಮನ್ನು ಮೂಡುಬಿದಿರೆಗೆ ಮುಟ್ಟಿಸಿದರು. "ದೂಡಿದ್ರೆ ಬರ್ತದೆ ಅಂತ ಗೊತ್ತಿದ್ದಿದ್ರೆ ನಮ್ಮವರು ಅಷ್ಟು ಕಾಗದ ಹಾಳು ಮಾಡ್ಬೇಕಿರಲಿಲ್ಲ" ಎಂದರು. ಮತ್ತೆ ಬೆರಳನ್ನು ಮೂಗಿನ ಹತ್ತಿರ ಹಿಡಿದು ನನ್ನನ್ನು ನೋಡಿದರು. "ಇದು ತೆಂಗಿನೆಣ್ಣೆ ಅಲ್ವಾ ಸಲಾಂ?"

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಶಹರ್ಬಾನು, "ಮೊನ್ನೆ ಶುಕ್ರವಾರದಿಂದ ನನ್ನ ಎಣ್ಣೆಯ ಬಾಟ್ಲಿ ಕಾಣ್ತಾ ಇಲ್ಲ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಮಾನ್ಯರೇ, ಇಲ್ಲಿ ನನ್ನ ನಿಜವಾದ ದೂರು ಆರಂಭವಾಗುತ್ತದೆ. ನನ್ನನ್ನು ಹೆತ್ತ ಉಮ್ಮ ಪ್ರತಿ ಶುಕ್ರವಾರ ಬೆಳಿಗ್ಗೆ ಒಂದೇ ಬಾಟಲಿಯಿಂದ ಹೊಲಿಗೆ ಮೆಷಿನಿಗೆ, ಬಾಗಿಲಿನ ತಿರುಗಣಿಗೆ, ಬಾವಿಯ ರಾಟೆಗೆ, ಉಳಿದದ್ದನ್ನು ನನ್ನ ತಲೆಗೆ ಎಣ್ಣೆ ಕೊಡುತ್ತಿದ್ದರು. ಈ ನಾಲ್ವರಲ್ಲಿ ಯಾರೂ ಒಂದು ದಿನ ಕೆಲಸ ನಿಲ್ಲಿಸಲಿಲ್ಲ. ಅದೇ ಮರ್ಯಾದೆಯನ್ನು ನಾನು ತಮ್ಮ ಹಳಿಗೂ ಸಲ್ಲಿಸಿದೆ: ಬಂಟ್ವಾಳದಿಂದ ಸಿದ್ಧಕಟ್ಟೆಯವರೆಗೆ ಬರೀ ಕೈ ಒರೆಸಿದಷ್ಟು, ಅಲ್ಲಿಂದ ಮುಂದೆ ಅಮ್ಮನ ಊರಿನ ದಾರಿಯಾದ್ದರಿಂದ ಧಾರಾಳವಾಗಿ. "ಎಣ್ಣೆ ಇದ್ದಲ್ಲಿ ಕರೆಂಟು ಚಕ್ರಕ್ಕೆ ಸರಿಯಾಗಿ ದಾಟುವುದಿಲ್ಲ ಅಂಕಲ್, ಬಂದು ಬಂದು ಹೋಗ್ತದೆ, ಕರೆಂಟು ಇಲ್ಲದಿದ್ರೆ ನಿಮ್ಮ ಅಪ್ಪಣೆಯೂ ಇಲ್ಲ" ಎಂದು ಸಮೀಕ್ಷಾ ಮೆಲ್ಲಗೆ ತಿಳಿಸಿದಳು. ಆಗ ಹೊರಗೆ ಬಸ್ಸು ಹಾರ್ನ್ ಹಾಕಿತು. ಹತ್ತುವಾಗ ರಾಜೀವಿಯಮ್ಮ, "ಇನ್ನೊಂದು ಸಲ ಬಸ್ಸು ಹತ್ತಲಿಕ್ಕೆ ಈ ಮೊಣಕಾಲಿನಿಂದ ಆಗ್ಲಿಕ್ಕಿಲ್ಲ ಸಲಾಂ. ನೋಡಿದ ಹಾಗೆ ಆಯಿತು. ತಾನಾಗಿ ಬಂದಿದ್ರೆ ಇನ್ನೂ ಚಂದ ಇತ್ತು" ಎಂದರು. ಈ ಕೊನೆಯ ಮಾತು ಬಾವಾರ ಕಥೆಯಲ್ಲಿಯೂ ಇತ್ತು. ಅಲ್ಲಿಗೆ ಬಂದಾಗ ಹೋಟೆಲಿನಲ್ಲಿ ಯಾರೂ ನಗಲಿಲ್ಲ ಎಂಬುದನ್ನು ದಾಖಲಿಸುತ್ತೇನೆ.

ಆದ್ದರಿಂದ ತಮ್ಮಲ್ಲಿ ವಿನಂತಿ ಏನೆಂದರೆ, ತಾವು ಕರಾವಳಿಗೆ ಬಂದ ಮೇಲೆ ತೆಂಗಿನೆಣ್ಣೆಯನ್ನು ರೂಢಿ ಮಾಡಿಕೊಳ್ಳಬೇಕು. ಅದು ಸಾಧ್ಯವಿಲ್ಲವಾದರೆ, ದೀಪ ಮಿಟುಕಿಸಿ ಹಿರಿಯರ ಮುಂದೆ ನನ್ನನ್ನು ಒಗಟಿಗೆ ಸಿಕ್ಕಿಸುವ ಬದಲು, "ಎಣ್ಣೆ ಉಂಟು, ಒರೆಸಿ" ಎಂದು ತುಳುವಿನಲ್ಲಿಯಾದರೂ ಹೇಳಬೇಕು. ರಿಸೆಟ್ ಆದ ಮಾತ್ರಕ್ಕೆ ಮಾಷ್ಟ್ರ ವರ್ಷವನ್ನು ಮರೆಯುವುದು ತಮ್ಮ ಯೋಗ್ಯತೆಗೆ ತಕ್ಕದ್ದಲ್ಲ. ಇವು ಯಾವುವೂ ಆಗದಿದ್ದರೆ, ತಾವು ದಯವಿಟ್ಟು ನಮ್ಮ ಕಿಟಕಿಯಿಂದ ಇಳಿದು, ಡಾಂಬರು ರಸ್ತೆ ಹಿಡಿದು, ನೇರ ಮೂಡುಬಿದಿರೆಗೆ ಹೋಗಿ ರಾಜೀವಿಯಮ್ಮನ ಮನೆಯಲ್ಲಿ ಸೀಟಿ ಹಾಕಿ ಬರಬೇಕೆಂದು ಪ್ರಾರ್ಥಿಸುತ್ತೇನೆ.

ತಮ್ಮ ವಿಶ್ವಾಸಿ,
ಅಬ್ದುಲ್ ಸಲಾಂ
(ಸದರಿ ಮಾರ್ಗದ ಸ್ಥಾಪಕ, ಮತ್ತು ಇಂದು ಸಂಜೆಯವರೆಗೆ ಎಣ್ಣೆ ವಿಭಾಗದ ಮುಖ್ಯಸ್ಥ)

ವಿ.ಸೂ.: ಮೇಲಿನದನ್ನು ನಿನ್ನೆ ಬರೆದು ಮಡಚಿಟ್ಟಿದ್ದೆ. ಇಂದು ಬೆಳಿಗ್ಗೆ ಏಳಕ್ಕೆ, ಹೋಟೆಲಿನಲ್ಲಿ ಕಥೆ ಕೇಳಿದ ಎಂಟೂ ಜನ ನಮ್ಮ ಅಂಗಳದಲ್ಲಿದ್ದರು, ಕೈಯಲ್ಲಿ ಹಳೆಯ ಬನಿಯನ್ನಿನ ತುಂಡುಗಳು. ಹಳಿಯನ್ನೂ ತಮ್ಮ ಚಕ್ರಗಳನ್ನೂ ಒರೆಸಿದರು, ನನ್ನನ್ನು ಮುಟ್ಟಲು ಬಿಡಲಿಲ್ಲ. "ನನ್ನ ಪಿಕಪ್ಪು ಮೀನಿನದ್ದು, ಅಮ್ಮನ ಅಂಗಳಕ್ಕೆ ಅದು ಬೇಡ" ಎಂದು ಬಾವಾ, ಇಡೀ ಮಾರ್ಗವನ್ನು ಅಮ್ಮನಲ್ಲಿಗೆ ಒಯ್ಯಲು, ಎಳನೀರಿನ ಬೊಂಡ ಸಾಗಿಸುವ ಚನಿಯಪ್ಪನ ಪಿಕಪ್ಪು ತರಿಸಿದರು. ಎಂಟಡಿ ಅದರಲ್ಲಿ ಹಿಡಿಸದೆ ಬಂಟ್ವಾಳ ಹೊರಗೆ ಚಾಚಿತು, ಅದಕ್ಕೊಂದು ಕೆಂಪು ಬಟ್ಟೆ ಕಟ್ಟಿದೆವು. ಸಿದ್ಧಕಟ್ಟೆ ಸ್ಟೇಷನ್ನು ಬೀಳದ ಹಾಗೆ ಬಾವಾ ದಾರಿಯುದ್ದಕ್ಕೂ ಹಿಡಿದು ಕುಳಿತರು. ಒಂಬತ್ತು ಇಪ್ಪತ್ತಕ್ಕೆ ತಾವು ರಾಜೀವಿಯಮ್ಮನ ಚಾವಡಿಯಲ್ಲಿ ಬಂಟ್ವಾಳ ಬಿಟ್ಟು, ಸಿದ್ಧಕಟ್ಟೆಯಲ್ಲಿ ನಿಲ್ಲದೆ, ಯಾರ ಬೆರಳೂ ಇಲ್ಲದೆ ಮೂಡುಬಿದಿರೆಗೆ ಬಂದಿರಿ. ಅಮ್ಮ ಸಮೀಕ್ಷಾಳಿಂದ ಒಂದು ಹಾಳೆ ತರಿಸಿ, ಮಾಷ್ಟ್ರು ಅರ್ಜಿ ಬರೆಯುತ್ತಿದ್ದ ದೊಡ್ಡ ರೈಲಿನವರಿಗೆ ಹೀಗೆ ಬರೆಸಿದರು: "ನಮ್ಮ ಊರಿಗೆ ರೈಲು ಬಂದಿದೆ. ಬೊಂಡದ ಪಿಕಪ್ಪಿನಲ್ಲಿ ಬಂತು. ನೀವು ಇನ್ನು ಅವಸರ ಮಾಡುವುದು ಬೇಡ." ಅದನ್ನು ಅಂಚೆ ಡಬ್ಬಿಗೆ ಹಾಕಲು ಜೊತೆಗೆ ಹೋಗಿದ್ದ ನಾವೆಲ್ಲರೂ ಕೈ ಚಾಚಿದೆವು, ಅಮ್ಮ ಯಾರಿಗೂ ಕೊಡದೆ, ಮೊಣಕಾಲಿನ ಸುದ್ದಿ ಎತ್ತದೆ, ಸ್ವತಃ ಹೋಗಿ ಹಾಕಿ ಬಂದರು.